ನೆಲದ ಧೂಳು, ಉಮ್ಮನ ಉಸಿರು

ಪ್ರತಿ ವರ್ಷ ಮದ್ರಸದಲ್ಲಿ ತಯಮ್ಮುಮ್‌ನ ಪಾಠ ಬಂದಾಗ ನಾನು ಮಕ್ಕಳಿಗೆ ತಪ್ಪದೆ ಹೇಳುವ ಮಾತೊಂದಿದೆ: ಧೂಳು ನಜಸ್ ಅಲ್ಲ. ನೀರು ದೊರೆಯದಿದ್ದಾಗ ಅಥವಾ ಕಾಯಿಲೆಯ ಕಾರಣದಿಂದ ನೀರು ಬಳಸಲಾಗದಿದ್ದಾಗ, ಅದೇ ಮಣ್ಣು ನಮ್ಮನ್ನು ನಮಾಝಿಗೆ ಸಿದ್ಧಗೊಳಿಸುತ್ತದೆ. ನಮ್ಮ ಶಾಫಿಈ ಮದ್‌ಹಬ್‌ನ ಪ್ರಕಾರ ತಯಮ್ಮುಮ್‌ನ ಮಣ್ಣಿನಲ್ಲಿ ಧೂಳು ಇರಲೇಬೇಕು. ನುಣುಪಾದ ಕಲ್ಲಿನ ಮೇಲೆ ಕೈಬಡಿದರೆ ಸಾಲದು. ಮಕ್ಕಳು ತಮ್ಮ ಅಂಗೈಗಳನ್ನು ನೋಡಿಕೊಂಡು ನಗುತ್ತಾರೆ. ಅಂಗಿಗೆ ಧೂಳಾದರೆ ಮನೆಯಲ್ಲಿ ಬೈಗುಳ ತಿನ್ನುವ ಅವರಿಗೆ ಇದೊಂದು ವಿಸ್ಮಯದ ಸಂಗತಿ.

ಆದರೆ ಶುದ್ಧವಾದುದೆಲ್ಲವೂ ಉಸಿರಾಡಲು ಯೋಗ್ಯವಲ್ಲ ಎಂಬುದನ್ನು ನನಗೆ ಕಲಿಸಿದ್ದು ಕಿತಾಬುಗಳಲ್ಲ. ಎಪ್ಪತ್ತು ದಾಟಿದ ನನ್ನ ಉಮ್ಮನ ಉಬ್ಬಸ.

ನಮ್ಮದು ಮಂಗಳೂರಿನ ಬಂದರ್ ಪ್ರದೇಶಕ್ಕೆ ಹೊಂದಿಕೊಂಡ ಓಣಿಯೊಂದರ ಹಳೆಯ ಹಂಚಿನ ಮನೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಮೊದಲ್ಗೊಂಡು ಈ ಊರಿನ ಹೆಸರನ್ನು ದೂರದೇಶಗಳಿಗೆ ಒಯ್ದ ಆ ಕೆಂಪು ಹಂಚುಗಳ ಕೆಳಗೆ ನಾನು ಹುಟ್ಟಿ ಬೆಳೆದೆ. ಹಂಚಿನ ಮಾಡು ಬೇಸಿಗೆಯ ಬಿಸಿಗಾಳಿಗೆ ಹೊರಹೋಗುವ ದಾರಿ ಕೊಡುತ್ತದೆ. ಅದೇ ದಾರಿಯಿಂದ ಧೂಳೂ ಒಳಗಿಳಿಯುತ್ತದೆ. ಒಳಕೋಣೆಗಳಲ್ಲಿ ಉಪ್ಪ ಹಾಕಿಸಿದ ರೆಡ್ ಆಕ್ಸೈಡ್ ನೆಲವಿದೆ. ಮುಂದಿನ ಚಾವಡಿಗೆ ತಮ್ಮ ಕೊಲ್ಲಿಗೆ ಹೋದ ಬಳಿಕ ಟೈಲ್ಸ್ ಹಾಕಿಸಿದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಎಲ್ಲವನ್ನೂ ತೊಳೆದುಬಿಡುತ್ತದೆ. ನವೆಂಬರ್ ಕಳೆದ ಮೇಲೆ ನಮ್ಮ ಮುರಕಲ್ಲಿನ ಕೆಂಪು ಹುಡಿ ಗಾಳಿಗೇರುತ್ತದೆ. ಕಳೆದ ವರ್ಷವಂತೂ ಮನೆಯ ಎದುರಿನ ರಸ್ತೆಯನ್ನು ಅಗೆದಿದ್ದರು. ಪಕ್ಕದ ಹಳೆಯ ಮನೆಯನ್ನು ಕೆಡವಿ ಫ್ಲ್ಯಾಟ್ ಕಟ್ಟುತ್ತಿದ್ದರು. ಲುಹರ್‌ಗೆ ಒರೆಸಿದ ನೆಲದಲ್ಲಿ ಅಸರ್‌ನ ಹೊತ್ತಿಗೆ ಹೆಜ್ಜೆಗುರುತು ಮೂಡುತ್ತಿತ್ತು.

ಸುಬಹ್ ನಮಾಝಿನ ಬಳಿಕ ಉಮ್ಮ ಗುಡಿಸುವ ಸದ್ದು ನನ್ನ ಬಾಲ್ಯದ ಗಡಿಯಾರ. ಅಂಗಳಕ್ಕೆ ತೆಂಗಿನ ಕಡ್ಡಿಯ ಹಿಡಿಸೂಡಿ, ಒಳಗೆ ಮೆತ್ತನೆಯ ಹುಲ್ಲಿನದು. ನಾನು ಜಗಲಿಯಲ್ಲಿ ಕುಳಿತು ಕುರ್‌ಆನ್ ಓದುತ್ತಿದ್ದೆ, ಆಕೆ ನನ್ನ ಸುತ್ತ ಗುಡಿಸುತ್ತಿದ್ದರು. ಕಾಲೆತ್ತು ಎಂದಾಗ ಕಾಲೆತ್ತುತ್ತಿದ್ದೆ. ನಲವತ್ತು ವರ್ಷಗಳಲ್ಲಿ ಈ ಕೆಲಸದಲ್ಲಿ ನನ್ನ ಪಾಲು ಅಷ್ಟೇ ಆಗಿತ್ತು. ಬಳಿಕ ಹಿಡಿಸೂಡಿ ಉಮ್ಮನ ಕೈಯಿಂದ ನನ್ನ ಪತ್ನಿಯ ಕೈಗೆ ಬಂತು. ನಾನು ಆಗಲೂ ಕಾಲೆತ್ತುತ್ತಲೇ ಇದ್ದೆ.

ಕಳೆದ ಜನವರಿಯ ಒಂದು ಮುಂಜಾನೆ ಉಮ್ಮನಿಗೆ ದಮ್ಮು ಕಟ್ಟಿತು. ತುಟಿ ನೀಲಿಗಟ್ಟಿತ್ತು, ಮಾತು ಹೊರಡುತ್ತಿರಲಿಲ್ಲ. ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ಯುವಾಗ ನಾನು ಶಹಾದತ್ ಹೇಳಿಕೊಡಬೇಕೇ ಬೇಡವೇ ಎಂದು ತಳಮಳಿಸಿದೆ. ಅಲ್ಲಾಹನ ಕೃಪೆಯಿಂದ ಆಕೆ ಎರಡು ದಿನಗಳಲ್ಲಿ ಚೇತರಿಸಿಕೊಂಡರು. ಮನೆಗೆ ಕಳುಹಿಸುವಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ: “ಮನೆಯಲ್ಲಿ ಬೆಳಗ್ಗೆ ಗುಡಿಸುವಾಗ ಇವರು ಎಲ್ಲಿರುತ್ತಾರೆ?” ಒಣನೆಲವನ್ನು ಗುಡಿಸುವಾಗ ದಪ್ಪ ಕಸ ಮಾತ್ರ ಹೊರಹೋಗುತ್ತದೆ, ಕಣ್ಣಿಗೆ ಕಾಣದ ನುಣ್ಣನೆಯ ಹುಡಿ ಮೇಲೆದ್ದು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ ಎಂದು ಅವರು ವಿವರಿಸಿದರು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಶ್ವಾಸಕೋಶದ ಆಳಕ್ಕಿಳಿಯುವ ಕಣಗಳು 2.5 ಮೈಕ್ರಾನ್‌ಗಿಂತಲೂ ಚಿಕ್ಕವು. ಒದ್ದೆಬಟ್ಟೆಯಲ್ಲಿ ಒರೆಸಿ, ಇಲ್ಲವೇ ಒಳ್ಳೆಯ ಫಿಲ್ಟರ್ ಇರುವ ವ್ಯಾಕ್ಯೂಮ್ ಕ್ಲೀನರ್ ಬಳಸಿ ಎಂಬುದು ಅವರ ಸಲಹೆಯಾಗಿತ್ತು.

ದಮ್ಮಾಮ್‌ನಲ್ಲಿರುವ ತಮ್ಮನಿಗೆ ಸುದ್ದಿ ತಿಳಿಯಿತು. ಶಅಬಾನ್ ತಿಂಗಳಲ್ಲಿ ರಜೆಗೆ ಬರುವಾಗ ಆತ ದೊಡ್ಡದೊಂದು ಯಂತ್ರವನ್ನು ಹೊತ್ತುತಂದ. ರಮಝಾನ್‌ಗೆ ಮುಂಚಿತವಾಗಿ ಮನೆ ಶುಚಿಗೊಳಿಸುವ ಕಾಲ, ಎಲ್ಲರಿಗೂ ಸಂಭ್ರಮ. ಅರಬ್ ದೇಶದ ಕಾರ್ಪೆಟ್ ಹಾಸಿದ ಮನೆಗಳಿಗೆಂದೇ ಮಾಡಿದ ಯಂತ್ರವದು. ಅದರ ಮೂತಿಯೊಳಗೆ ಗಟ್ಟಿ ಬಿರುಗೂದಲಿನ ಉರುಳೆಯೊಂದು ರಭಸದಿಂದ ತಿರುಗುತ್ತಿತ್ತು. ನಾನೇ ಅದನ್ನು ಒಳಕೋಣೆಯಲ್ಲಿ ಓಡಿಸಿದೆ. ಮರಳಿನ ಕಣಗಳು ಒಳಗೆ ಹೋಗುವ ಬದಲು ಹಿಂದಕ್ಕೆ ಸಿಡಿದು ಕಾಲಿಗೆ ಬಡಿದವು. ಗೋಡೆಯ ಬದಿಯ ಹುಡಿ ಅಲ್ಲೇ ಉಳಿಯಿತು. ಉಪ್ಪ ವರ್ಷಗಟ್ಟಲೆ ಹೊಳಪು ಕಾಪಾಡಿದ ಕೆಂಪು ನೆಲದಲ್ಲಿ ಸಣ್ಣ ಸಣ್ಣ ಗೀರುಗಳೆದ್ದವು. ಬಾಗಿಲ ಬಳಿ ಕುಳಿತಿದ್ದ ಉಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, “ಮೋನೇ, ಹಿಡಿಸೂಡಿಯೇ ವಾಸಿ” ಎಂದರು. ತಮ್ಮನ ಮುಖ ಬಾಡಿತು.

ಮರುದಿನ ಅಸರ್ ನಮಾಝಿನ ಬಳಿಕ ಮಸೀದಿಯ ಜಗಲಿಯಲ್ಲಿ ಗೆಳೆಯರೊಬ್ಬರಲ್ಲಿ ಇದನ್ನೇ ಹೇಳಿಕೊಳ್ಳುತ್ತಿದ್ದೆ. ನಮ್ಮ ಮಸೀದಿಯ ಮುಕ್ರಿ ಅಲ್ಲೇ ಯಂತ್ರದ ಪೈಪ್ ಸುತ್ತಿಡುತ್ತಿದ್ದರು. ಬಾಂಗ್ ಕೊಡುವುದರಿಂದ ಹಿಡಿದು ವುಝೂವಿನ ಹೌಳ್ ತೊಳೆಯುವವರೆಗೆ ಎಲ್ಲವನ್ನೂ ಮಾಡುವ ಅರುವತ್ತು ದಾಟಿದ ಮಿತಭಾಷಿ. “ಉಸ್ತಾದರೇ, ನೀವು ಹಾಕಿದ್ದು ಕಾರ್ಪೆಟ್‌ನ ಬ್ರಷ್. ನೆಲಕ್ಕೆ ಅದಲ್ಲ” ಎಂದರು. ಬಳಿಕ ಒಂದು ಚೀಲವನ್ನು ಬಿಚ್ಚಿ ನಾಲ್ಕು ಮೂತಿಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟರು. ನಾನು ಶಿಷ್ಯನಂತೆ ಕುಳಿತೆ.

“ಯಂತ್ರ ಎಳೆಯುವುದು ಗಾಳಿಯನ್ನು. ಗಾಳಿಯ ಜೊತೆ ಧೂಳು ಬರುತ್ತದೆ. ಗಾಳಿಗೆ ದಾರಿ ಇಲ್ಲದಿದ್ದರೆ ಧೂಳಿಗೂ ದಾರಿ ಇಲ್ಲ,” ಎಂದು ಅವರು ಪಾಠ ಆರಂಭಿಸಿದರು. ಅವರು ತಿಳಿಸಿದ್ದನ್ನು, ಬಳಿಕ ಹಂಪನಕಟ್ಟೆಯ ಅಂಗಡಿಗಳಲ್ಲಿ ವಿಚಾರಿಸಿ ನಾನು ಖಚಿತಪಡಿಸಿಕೊಂಡದ್ದನ್ನು, ಇಂತಹದೇ ಸಂಕಟದಲ್ಲಿರುವ ಮನೆಗಳಿಗೆ ನೆರವಾಗಲೆಂದು ಇಲ್ಲಿ ಬರೆಯುತ್ತೇನೆ.

ತಿರುಗುವ ಗಟ್ಟಿ ಉರುಳೆಯ ಬ್ರಷ್ ಕಾರ್ಪೆಟ್‌ನ ನೂಲುಗಳನ್ನು ಬಡಿದು ಒಳಗಿನ ಹುಡಿಯನ್ನು ಹೊರತೆಗೆಯಲು ಇರುವಂಥದ್ದು. ಗಟ್ಟಿ ನೆಲದಲ್ಲಿ ಬಡಿಯಲು ಏನೂ ಇಲ್ಲದ ಕಾರಣ ಅದು ಕಣಗಳನ್ನು ಚಿಮ್ಮಿಸುತ್ತದೆ. ಉರುಳೆಯನ್ನು ನಿಲ್ಲಿಸುವ ಗುಂಡಿ ಇದ್ದರೆ ನೆಲಕ್ಕೆ ಬಂದಾಗ ಅದನ್ನು ನಿಲ್ಲಿಸಬೇಕು.

ಸಾಮಾನ್ಯ ಯಂತ್ರಗಳೊಂದಿಗೆ ಬರುವ ಅಗಲ ಮೂತಿಯ ಮೇಲೆ ಕಾಲಿನಿಂದ ಒತ್ತುವ ಒಂದು ಪೆಡಲ್ ಇರುತ್ತದೆ. ಅನೇಕರು ಅದನ್ನು ಗಮನಿಸಿಯೇ ಇರುವುದಿಲ್ಲ. ಕಾರ್ಪೆಟ್‌ಗೆ ಬಿರುಗೂದಲು ಒಳಗಿರಬೇಕು. ಗಟ್ಟಿ ನೆಲಕ್ಕೆ ಹೊರಗೆ ಇಳಿದಿರಬೇಕು. ಕೂದಲು ಇಳಿದಾಗ ಮೂತಿ ನೆಲದಿಂದ ತುಸು ಮೇಲೆದ್ದು ನಿಲ್ಲುತ್ತದೆ, ಗಾಳಿ ನುಗ್ಗಲು ಸಂದು ಸಿಗುತ್ತದೆ, ನೆಲಕ್ಕೆ ಪ್ಲಾಸ್ಟಿಕ್ ಉಜ್ಜುವುದಿಲ್ಲ. ಒಳಗಿದ್ದರೆ ಮೂತಿ ನೆಲಕ್ಕೆ ಅಂಟಿಕೊಂಡು, ಹುಡಿಯನ್ನು ಹೀರುವ ಬದಲು ಮುಂದಕ್ಕೆ ತಳ್ಳುತ್ತದೆ.

ಕೆಂಪು ನೆಲ, ನಯಗೊಳಿಸಿದ ಕಲ್ಲು ಮತ್ತು ಮರದ ನೆಲಗಳಿಗೆ ಮೃದು ಕೂದಲಿನ, ತಿರುಗದ ಅಗಲ ಬ್ರಷ್ ಬೇರೆಯಾಗಿಯೇ ದೊರೆಯುತ್ತದೆ. ಮನೆಯ ಹೆಚ್ಚಿನ ಭಾಗ ಗಟ್ಟಿ ನೆಲವಾಗಿದ್ದರೆ ಮೊದಲು ಕೊಳ್ಳಬೇಕಾದುದು ಇದನ್ನೇ. ಕೈಯಲ್ಲಿ ಹಿಡಿದು ಓಡಿಸುವ ಕೆಲವು ಹೊಸ ಯಂತ್ರಗಳಲ್ಲಿ ಬಟ್ಟೆಯಂತೆ ಮೆತ್ತಗಿರುವ ಉರುಳೆ ಇದೆ. ಅದು ನುಣ್ಣನೆಯ ಹುಡಿಯನ್ನೂ ದಪ್ಪ ಕಣವನ್ನೂ ಒಟ್ಟಿಗೆ ಎತ್ತಿಕೊಳ್ಳುತ್ತದೆ. ಆ ಉರುಳೆಯನ್ನು ಗಟ್ಟಿ ಉರುಳೆಯೆಂದು ಭಾವಿಸಬಾರದು.

ಚಪ್ಪಟೆಯಾದ ಕಿರುಮೂತಿ ಗೋಡೆಯಂಚು, ಟೈಲ್ಸ್‌ನ ಸಂದು ಮತ್ತು ಕಿಟಕಿಯ ಜಾರುಹಳಿಗಳಿಗೆ. ದುಂಡನೆಯ ಮೃದು ಬ್ರಷ್ ಕಿತಾಬುಗಳ ಕಪಾಟು, ಫ್ಯಾನಿನ ರೆಕ್ಕೆ ಹಾಗೂ ಮರದ ಕೆತ್ತನೆಗಳಿಗೆ. ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಗಿನ ಮರದ ಕೆತ್ತನೆಗಳನ್ನು ಕಂಡವರಿಗೆ ಧೂಳು ಎಲ್ಲೆಲ್ಲಿ ಅಡಗಬಲ್ಲದೆಂದು ಬೇರೆ ಹೇಳಬೇಕಾಗಿಲ್ಲ. ಮೇಲಿನಿಂದ ಆರಂಭಿಸಿ ನೆಲವನ್ನು ಕೊನೆಗೆ ಮಾಡಬೇಕು.

ಬ್ರಷ್ ಕೊಳ್ಳುವ ಮುನ್ನ ಪೈಪ್‌ನ ಅಳತೆಯನ್ನು ಬರೆದುಕೊಂಡು ಹೋಗಬೇಕು. ಸಾಮಾನ್ಯವಾಗಿ 32 ಅಥವಾ 35 ಮಿಲಿಮೀಟರ್ ಇರುತ್ತದೆ; ಮೂರು ಮಿಲಿಮೀಟರ್‌ನ ಈ ವ್ಯತ್ಯಾಸಕ್ಕೆ ನಾನು ಎರಡು ಬಾರಿ ಅಂಗಡಿಗೆ ನಡೆದೆ. ಪೆಟ್ಟಿಗೆಯ ಮೇಲಿನ ವ್ಯಾಟ್ ಎಂಬುದು ಯಂತ್ರ ತಿನ್ನುವ ವಿದ್ಯುತ್ತಿನ ಲೆಕ್ಕವೇ ಹೊರತು ಹೀರುವ ಶಕ್ತಿಯ ಲೆಕ್ಕವಲ್ಲ. ಉಬ್ಬಸದವರಿರುವ ಮನೆಯಲ್ಲಿ ಫಿಲ್ಟರ್‌ನ ವಿಷಯದಲ್ಲಿ ಜಿಪುಣತನ ಸಲ್ಲದು. ನಿಜವಾದ ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಶೇಕಡಾವನ್ನು ತಡೆಹಿಡಿಯುತ್ತದೆ. ಅಂತಹ ಫಿಲ್ಟರ್ ಇಲ್ಲದ ಯಂತ್ರ ಮುಂದಿನಿಂದ ಹೀರಿದ ನುಣ್ಣನೆಯ ಹುಡಿಯನ್ನು ಹಿಂದಿನಿಂದ ಕೋಣೆಗೇ ಉಗುಳುತ್ತದೆ. ಡಬ್ಬಿಯನ್ನು ಅಂಗಳದಲ್ಲಿ ಖಾಲಿ ಮಾಡಬೇಕು, ಅದೂ ರೋಗಿಯ ಕಿಟಕಿಯಿಂದ ದೂರದಲ್ಲಿ. ತೊಳೆಯಬಹುದಾದ ಫಿಲ್ಟರ್ ಆಗಿದ್ದರೆ ಪೂರ್ತಿ ಒಣಗಿದ ಬಳಿಕವೇ ಮರಳಿ ಹಾಕಬೇಕು. ನಮ್ಮ ಮಳೆಗಾಲದಲ್ಲಿ ಒದ್ದೆ ಫಿಲ್ಟರ್ ಬೂಸ್ಟು ಹಿಡಿಯಲು ಹೆಚ್ಚು ದಿನ ಬೇಕಿಲ್ಲ. ಕಟ್ಟಡದ ಸಿಮೆಂಟ್ ಹುಡಿಯನ್ನು ಮನೆಬಳಕೆಯ ಯಂತ್ರದಿಂದ ಹೀರಬಾರದು, ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಒದ್ದೆಬಟ್ಟೆಯೇ ಲೇಸು.

ಕೆಲವರು ಕೇಳುವ ಇನ್ನೊಂದು ಪ್ರಶ್ನೆಗೂ ಇಲ್ಲೇ ಉತ್ತರಿಸುತ್ತೇನೆ. ಯಂತ್ರ ನೆಲವನ್ನು ಶುಚಿಗೊಳಿಸುತ್ತದೆ, ಆದರೆ ನಜಸ್‌ನಿಂದ ಶುದ್ಧಗೊಳಿಸುವುದಿಲ್ಲ. ಮಗುವಿನ ಮೂತ್ರ ಬಿದ್ದ ನೆಲಕ್ಕೆ, ಅದನ್ನು ಒರೆಸಿ ತೆಗೆದ ಬಳಿಕ, ನೀರು ಹರಿಸಲೇಬೇಕು. ಗ್ರಾಮೀಣ ಅರಬನೊಬ್ಬ ಮಸೀದಿಯಲ್ಲಿ ಮೂತ್ರ ಮಾಡಿದಾಗ ಪ್ರವಾದಿ(ಸ)ರು ಅವನನ್ನು ಗದರಿಸಲು ಬಿಡದೆ, ಅಲ್ಲಿಗೆ ಒಂದು ಬಕೆಟ್ ನೀರು ಸುರಿಯಲು ಹೇಳಿದ ಪ್ರಸಂಗ ನಮಗೆಲ್ಲ ಗೊತ್ತಿದೆ.

ಮುಕ್ರಿಕ್ಕ ಇಷ್ಟನ್ನೂ ತಿಳಿಸಿ ಚೀಲ ಕಟ್ಟಿಕೊಂಡು ಎದ್ದರು. “ನಿಮಗೆ ಇದೆಲ್ಲ ಯಾರು ಕಲಿಸಿದರು?” ಎಂದು ಕೇಳಿದೆ. “ಯಾರೂ ಇಲ್ಲ. ಹದಿನಾರು ವರ್ಷ ಆಯಿತಲ್ಲ” ಎಂದರು. ಸ್ವಲ್ಪ ಕೆಮ್ಮಿ, “ಮೊದಲು ಹಿಡಿಸೂಡಿಯಲ್ಲೇ ಮಾಡುತ್ತಿದ್ದೆ. ಆಗ ಹಿಡಿದ ಕೆಮ್ಮು ಇದು” ಎಂದು ಸೇರಿಸಿದರು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಪ್ರವಾದಿ(ಸ)ರ ಮಸೀದಿಯನ್ನು ಗುಡಿಸುತ್ತಿದ್ದ ಆ ಕಪ್ಪು ಮಹಿಳೆಯ ಹದೀಸನ್ನು ನಾನು ಎಷ್ಟು ಸಲ ಪಾಠ ಮಾಡಿರಬಹುದು! ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಅಬೂಹುರೈರಾ(ರ)ರಿಂದ ವರದಿಯಾಗಿದೆ. ಆಕೆ ಕಾಣದಿದ್ದಾಗ ಪ್ರವಾದಿ(ಸ)ರು ವಿಚಾರಿಸಿದರು. ತೀರಿಕೊಂಡರೆಂದು ಸಹಾಬಿಗಳು ತಿಳಿಸಿದರು. ಅವರಿಗೆ ಅದು ಪ್ರವಾದಿ(ಸ)ರಿಗೆ ತಿಳಿಸಬೇಕಾದಷ್ಟು ದೊಡ್ಡ ವಿಷಯವೆಂದು ತೋರಿರಲಿಲ್ಲ. ತನಗೇಕೆ ತಿಳಿಸಲಿಲ್ಲವೆಂದು ಕೇಳಿದ ಪ್ರವಾದಿ(ಸ)ರು ಆಕೆಯ ಕಬರ್ ತೋರಿಸಲು ಹೇಳಿ, ಅಲ್ಲಿಗೆ ಹೋಗಿ ನಮಾಝ್ ನಿರ್ವಹಿಸಿದರು. ಈ ಹದೀಸನ್ನು ಹೇಳುವಾಗ ನನ್ನ ಕಂಠ ಗದ್ಗದವಾಗುತ್ತಿತ್ತು. ಆದರೆ ಹದಿನಾರು ವರ್ಷ ನನ್ನ ಸುಜೂದಿನ ಜಾಗವನ್ನು ಶುಚಿಯಾಗಿಟ್ಟ ಮನುಷ್ಯನ ಕೆಮ್ಮನ್ನು ನಾನು ಕೇಳಿಸಿಕೊಂಡಿರಲಿಲ್ಲ. ನನ್ನ ಸುತ್ತ ಗುಡಿಸಿದ ಉಮ್ಮನ ಉಸಿರನ್ನೂ ಕೇಳಿಸಿಕೊಂಡಿರಲಿಲ್ಲ.

ಮನೆಯಲ್ಲಿ ಪ್ರವಾದಿ(ಸ)ರು ಏನು ಮಾಡುತ್ತಿದ್ದರೆಂಬ ಪ್ರಶ್ನೆಗೆ ಆಯಿಷಾ(ರ) ನೀಡಿದ ಉತ್ತರವೂ ನೆನಪಾಯಿತು: ಅವರು ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು. ಈ ಸುನ್ನತ್ತನ್ನು ನಾನು ಪರರಿಗೆ ಹೇಳುವ ಸುನ್ನತ್ತುಗಳ ಪಟ್ಟಿಯಲ್ಲಿ ಇಟ್ಟಿದ್ದೆ.

ಅಂದಿನಿಂದ ಸುಬಹ್‌ನ ಬಳಿಕ ಉಮ್ಮನನ್ನು ಹಿಂದಿನ ಕೋಣೆಯಲ್ಲಿ ಕುಳ್ಳಿರಿಸಿ, ಬಾಗಿಲೆಳೆದು, ಮೃದು ಬ್ರಷ್ ಜೋಡಿಸಿ ನಾನೇ ನೆಲ ಮಾಡುತ್ತೇನೆ. ಪತ್ನಿ ಹಿಂದಿನಿಂದ ಒದ್ದೆಬಟ್ಟೆಯಲ್ಲಿ ಒರೆಸುತ್ತಾಳೆ. ಅವಳ ತಲೆನೋವಿನ ದಿನಗಳಲ್ಲಿ ಅದೂ ನನ್ನದೇ. ಮೊದಲ ವಾರ ಉಮ್ಮ, “ಉಸ್ತಾದ್ ನೆಲ ಗುಡಿಸುವುದನ್ನು ಜನ ನೋಡಿದರೆ?” ಎಂದು ಸಂಕೋಚಪಟ್ಟರು. ಈಗ ಒಳಗಿನಿಂದಲೇ, “ಮೋನೇ, ಕಪಾಟಿನ ಅಡಿ ಆಯಿತಾ?” ಎಂದು ವಿಚಾರಿಸುತ್ತಾರೆ. ಉಬ್ಬಸ ಪೂರ್ತಿ ಹೋಗಿಲ್ಲ, ಇನ್‌ಹೇಲರ್ ತಲೆದಿಂಬಿನ ಬಳಿಯೇ ಇದೆ. ಆದರೆ ಅಂತಹ ಮುಂಜಾನೆ ಮರಳಿ ಬಂದಿಲ್ಲ, ಅಲ್‌ಹಮ್ದುಲಿಲ್ಲಾಹ್. ಕೆಂಪು ನೆಲದ ಗೀರುಗಳು ಹಾಗೆಯೇ ಉಳಿದಿವೆ. ಮುಕ್ರಿಕ್ಕನನ್ನು ಅದೇ ವೈದ್ಯರ ಬಳಿಗೆ ಕರೆದೊಯ್ದೆವು. ಜಮಾಅತ್ ಸಮಿತಿ ಮಸೀದಿಯ ಯಂತ್ರಕ್ಕೆ ಹೊಸ ಫಿಲ್ಟರ್ ತರಿಸಿತು.

ರಮಝಾನ್‌ಗೆ ಮುಂಚಿತವಾಗಿ ನೀವೂ ಮನೆ ಶುಚಿಗೊಳಿಸುತ್ತೀರಿ. ಯಂತ್ರ ಕೊಳ್ಳುವವರು ವ್ಯಾಟ್‌ಗಿಂತ ಮೊದಲು ಅದರ ಮೂತಿಯನ್ನು ನೋಡಿರಿ, ನಿಮ್ಮ ನೆಲ ಯಾವುದೆಂದು ನೋಡಿರಿ. ಹಾಗೆಯೇ ನಿಮ್ಮ ಮನೆಯಲ್ಲಿ ಹಿಡಿಸೂಡಿ ಯಾರ ಕೈಯಲ್ಲಿದೆ, ಅವರ ಉಸಿರು ಹೇಗಿದೆ ಎಂದು ಒಮ್ಮೆ ಕಿವಿಗೊಡಿರಿ. ನಮ್ಮ ಮನೆಗಳನ್ನೂ ಮಸೀದಿಗಳನ್ನೂ ಶುಚಿಯಾಗಿಡುವ ಕೈಗಳಿಗೆ ಅಲ್ಲಾಹನು ಆರೋಗ್ಯವನ್ನೂ ಪ್ರತಿಫಲವನ್ನೂ ಕರುಣಿಸಲಿ. ಆಮೀನ್.