ಎರಡೂವರೆ ಅಡಿಯ ಹಾದಿ

ಕಳೆದ ವರ್ಷದ ಬೇಸಿಗೆ ರಜೆಯನ್ನು ನಾನು ವೇಲ್ಸ್ ದೇಶದ ರಾಜಧಾನಿಯಾದ ಕಾರ್ಡಿಫ್ ನಗರದಲ್ಲಿ ಕಳೆದೆ. ಮಗಳು ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಅವಳೂ ಅಳಿಯನೂ ಬೆಳಿಗ್ಗೆ ಹೊರಟುಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದುದು ನಾನು, ಕಿಟಕಿಯಾಚೆಯ ಮಳೆ, ಮತ್ತು ಓದಲೆಂದು ಹೊತ್ತೊಯ್ದಿದ್ದ ಎರಡು ಹಳಗನ್ನಡ ಕಾವ್ಯಗಳು. ಮೊದಲ ವಾರ ಕಾವ್ಯಗಳು ಪೆಟ್ಟಿಗೆಯಿಂದ ಹೊರಬರಲೇ ಇಲ್ಲ. ಪಕ್ಕದ ಮನೆಯ ಹಿರಿಯರೊಬ್ಬರು ಪ್ರತಿದಿನ ಹತ್ತು ಗಂಟೆಗೆ ಕೊಡೆ, ಥರ್ಮಾಸು, ಒಂದು ಚಿಕ್ಕ ಪುಸ್ತಕ ಹಿಡಿದು ಹೊರಡುವುದನ್ನು ನೋಡುತ್ತಿದ್ದೆ. ಎಂಬತ್ತು ದಾಟಿದವರು, ಅಂಚೆ ಇಲಾಖೆಯಿಂದ ನಿವೃತ್ತರು. ಎಲ್ಲಿಗೆ ಎಂದು ಒಂದು ದಿನ ಕೇಳಿದೆ. ರೈಲು ನೋಡಲು, ಎಂದರು. ಯಾರಾದರೂ ಬರುವವರಿದ್ದಾರೆಯೇ ಎಂದೆ. ಇಲ್ಲ, ರೈಲನ್ನೇ ನೋಡಲು.

ಅಲ್ಲಿ ಇಂಥವರನ್ನು ಟ್ರೇನ್‌ಸ್ಪಾಟರ್ ಎನ್ನುತ್ತಾರೆ. ನಿಲ್ದಾಣದ ತುದಿಯಲ್ಲಿ ನಿಂತು, ಹಾದುಹೋಗುವ ಎಂಜಿನ್ನುಗಳ ಸಂಖ್ಯೆಯನ್ನು ಬರೆದುಕೊಳ್ಳುವುದೇ ಇವರ ಕಾಯಕ. 1942ರಲ್ಲಿ, ಯುದ್ಧದ ನಡುವೆ, ಇಯಾನ್ ಆಲನ್ ಎಂಬ ರೈಲ್ವೆ ಕಚೇರಿಯ ತರುಣನೊಬ್ಬ ಎಂಜಿನ್ನುಗಳ ಸಂಖ್ಯೆಗಳನ್ನು ಪಟ್ಟಿ ಮಾಡಿ ಸಣ್ಣ ಪುಸ್ತಕವೊಂದನ್ನು ಅಚ್ಚುಹಾಕಿಸಿದ. ಅಂಥ ಪುಸ್ತಕಗಳು ಮುಂದೆ ಬ್ರಿಟನ್ನಿನ ಬಾಲಕರ ಜೇಬಿನಲ್ಲೆಲ್ಲ ಸೇರಿಕೊಂಡವು. ನೋಡಿದ ಸಂಖ್ಯೆಯ ಕೆಳಗೆ ಗೆರೆ ಎಳೆಯಬೇಕು, ಅಷ್ಟೆ. ಇದನ್ನು ಕೇಳಿದಾಗ ನನಗೆ ನಗು ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ಶಾಸನಗಳ ಸಾಲು, ಹಸ್ತಪ್ರತಿಗಳ ಪಾಠಾಂತರ ಎಂದು ಆಯುಷ್ಯವನ್ನೆಲ್ಲ ಕಳೆದ ನಾನು ಇನ್ನೊಬ್ಬರ ಪಟ್ಟಿಯನ್ನು ಕಂಡು ನಗುವುದು ಎಷ್ಟು ಸರಿ ಎಂಬುದು ಆಗ ಹೊಳೆಯಲಿಲ್ಲ.

ಅವರ ಮೊದಲ ಟಿಪ್ಪಣಿ ಪುಸ್ತಕವನ್ನು ನೋಡಿದ ಮೇಲೆ ನಗು ನಿಂತಿತು. ಅವರು ಹುಟ್ಟಿ ಬೆಳೆದದ್ದು ಮಧ್ಯ ವೇಲ್ಸ್‌ನ ಲಾನ್‌ವೈರ್ ಕೈರೈನಿಯನ್ ಎಂಬ ಸಣ್ಣ ಊರಿನ ಹತ್ತಿರ. ಅಲ್ಲಿಂದ ವೆಲ್ಷ್‌ಪೂಲ್ ಎಂಬ ಪೇಟೆಗೆ 1903ರಲ್ಲಿ ನ್ಯಾರೋಗೇಜ್ ಹಾದಿ ಹಾಕಿದ್ದರು. ಆ ಹಾದಿಗೆಂದು 1902ರಲ್ಲಿ ತಯಾರಾದ ಎಂಜಿನ್ನುಗಳು ಎರಡೇ ಎರಡು: ಒಂದರ ಹೆಸರು ಅರ್ಲ್, ಇನ್ನೊಂದರದು ಕೌಂಟೆಸ್. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಸರದಾರ ಮತ್ತು ಸರದಾರಣಿ. ಸಂಖ್ಯೆಗಳು 822 ಮತ್ತು 823. ಲಂಡನ್ನಿನ ಹುಡುಗ ದಿನಕ್ಕೆ ನೂರು ಸಂಖ್ಯೆ ಬರೆದುಕೊಂಡರೆ, ಈ ಹುಡುಗನಿಗೆ ಬರೆಯಲು ಇದ್ದದ್ದು ಎರಡು. ಆದರೂ ಬರೆದ. ಪುಟದ ನಂತರ ಪುಟ: ತಾರೀಖು, 822, ಕಲ್ಲಿದ್ದಲು, ಮಳೆ. ತಾರೀಖು, 823, ಕುರಿಗಳು, ಮಳೆ. ಮತ್ತೆ 823. ಪ್ರಯಾಣಿಕರ ಸಂಚಾರ 1931ರಲ್ಲೇ ನಿಂತುಹೋಗಿತ್ತಾದ್ದರಿಂದ ಬರುತ್ತಿದ್ದುದು ಸರಕು ಗಾಡಿ ಮಾತ್ರ. 1956ರ ನವೆಂಬರಿನಲ್ಲಿ ಅದೂ ನಿಂತಿತು. ಆ ದಿನದ ಪುಟದಲ್ಲಿ ಎಂಜಿನ್ನಿನ ಸಂಖ್ಯೆ ಇದೆ, ಹವಾಮಾನ ಇದೆ. ಬೇರೆ ಒಂದು ಅಕ್ಷರವೂ ಇಲ್ಲ. ಮುಂದಿನ ಪುಟಗಳು ಖಾಲಿ.

ನಿಂತುಹೋದ ಹಾದಿ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ವೇಲ್ಸ್‌ನವರು ಈ ವಿಷಯದಲ್ಲಿ ವಿಚಿತ್ರ ಜನ. ಉಗಿ ಎಂಜಿನ್ನು ಹಳಿಯ ಮೇಲೆ ಭಾರ ಎಳೆದದ್ದೇ ಜಗತ್ತಿನಲ್ಲಿ ಮೊದಲು ಅವರ ನೆಲದಲ್ಲಿ: 1804ರ ಫೆಬ್ರವರಿ 21ರಂದು ಮರ್ಥರ್ ಟಿಡ್ವಿಲ್ ಎಂಬ ಊರಿನ ಪೆನಿಡ್ಯಾರನ್ ಕಬ್ಬಿಣದ ಕಾರ್ಖಾನೆಯಿಂದ ರಿಚರ್ಡ್ ಟ್ರೆವಿಥಿಕ್‌ನ ಎಂಜಿನ್ನು ಹತ್ತು ಟನ್ ಕಬ್ಬಿಣವನ್ನೂ ಎಪ್ಪತ್ತರಷ್ಟು ಜನರನ್ನೂ ಎಳೆದುಕೊಂಡು ಹೊರಟಿತ್ತು. ಮುಚ್ಚಲಿದ್ದ ರೈಲು ಹಾದಿಯನ್ನು ಸಾಮಾನ್ಯ ಜನರೇ ಕೂಡಿ ಉಳಿಸಿಕೊಂಡದ್ದೂ ಮೊದಲು ಅಲ್ಲಿಯೇ. 1951ರಲ್ಲಿ ಟಲಿಹ್ಲಿನ್ ಎಂಬ ಹಾದಿಯನ್ನು ಲೇಖಕ ಟಾಮ್ ರೋಲ್ಟ್ ಮತ್ತು ಅವರ ಸಂಗಡಿಗರು ಸಂಬಳವಿಲ್ಲದೆ ನಡೆಸಲು ನಿಂತರು. ಗುಮಾಸ್ತರು, ಶಿಕ್ಷಕರು, ಪಾದ್ರಿಗಳು ರಜೆಯಲ್ಲಿ ಬಂದು ಹಳಿ ಸರಿಪಡಿಸಿದರು. ನಿಮ್ಮ ಮನೆಯ ಮಕ್ಕಳು ದೂರದರ್ಶನದಲ್ಲಿ ನೋಡುವ ಥಾಮಸ್ ಎಂಜಿನ್ನಿನ ಕತೆಗಾರ ಆಡ್ರಿ ಅಂಥ ಪಾದ್ರಿಗಳಲ್ಲೊಬ್ಬರು. ಇದನ್ನು ನೋಡಿ ಲಾನ್‌ವೈರ್‌ನ ಹಾದಿಗೂ ಜನ ಸೇರಿದರು. 1963ರಲ್ಲಿ ಅದು ಮತ್ತೆ ತೆರೆಯಿತು. ನಮ್ಮ ಅಜ್ಜ ಆಗ ಇಪ್ಪತ್ತರ ತರುಣ. ಶನಿವಾರ ರವಿವಾರ ಹೋಗಿ ಮುಳ್ಳುಕಂಟಿ ಕಡಿದವರು. ಮರುವರ್ಷದ ಪ್ರವಾಹ ಬಾನ್ವಿ ಹೊಳೆಯ ಸೇತುವೆಯ ಕಂಬವನ್ನು ಕುಸಿಯುವಂತೆ ಮಾಡಿತು. ಹಣ ಕೂಡಿಸಿ, ಸೈನ್ಯದ ಎಂಜಿನಿಯರುಗಳ ನೆರವು ಪಡೆದು ಅದನ್ನೂ ನಿಲ್ಲಿಸಿದರು.

ಕಾರ್ಡಿಫ್ ಪಕ್ಕದ ಬ್ಯಾರಿ ಬಂದರಿನ ಕತೆಯನ್ನು ಅವರು ಹೇಳುವಾಗ ದನಿಯೇ ಬದಲಾಗುತ್ತಿತ್ತು. ಬ್ರಿಟನ್ನಿನಲ್ಲಿ 1968ರಲ್ಲಿ ಉಗಿಬಂಡಿಗಳ ಕಾಲ ಮುಗಿಯಿತು. ಗುಜರಿಗೆ ಹೋದ ಎಂಜಿನ್ನುಗಳಲ್ಲಿ 297 ಬ್ಯಾರಿಯ ಒಂದೇ ಅಂಗಳಕ್ಕೆ ಬಂದವು. ಅಂಗಳದ ಒಡೆಯರಿಗೆ ಸರಕು ಡಬ್ಬಿಗಳನ್ನು ಒಡೆಯುವುದು ಸುಲಭವಾಗಿ ಕಂಡಿತು. ಎಂಜಿನ್ನುಗಳನ್ನು ಆಮೇಲೆ ನೋಡೋಣ ಎಂದು ಬಿಟ್ಟರು. ಆ ‘ಆಮೇಲೆ’ ಎಂಬುದು ಇಪ್ಪತ್ತು ವರ್ಷಗಳಿಗೂ ಮೀರಿ ನಡೆಯಿತು. ಅಷ್ಟರಲ್ಲಿ ಊರೂರಿನ ಆಸಕ್ತರು ಚಂದಾ ಎತ್ತಿ ಒಂದೊಂದಾಗಿ 213 ಎಂಜಿನ್ನುಗಳನ್ನು ಕೊಂಡೊಯ್ದರು. ನಮ್ಮ ಅಜ್ಜ ರವಿವಾರಗಳಲ್ಲಿ ಅಲ್ಲಿಗೆ ಹೋಗಿ, ತುಕ್ಕಿನ ನಡುವೆ ಸಂಖ್ಯೆ ಹುಡುಕಿ ಬರೆಯುತ್ತಿದ್ದರಂತೆ. ಹಿಂದಿನ ವಾರ ಇದ್ದ ಸಂಖ್ಯೆ ಈ ವಾರ ಇಲ್ಲದಿದ್ದರೆ, ಉಳಿಯಿತೋ ಅಳಿಯಿತೋ ಎಂದು ಕಾವಲುಗಾರನನ್ನು ಕೇಳಬೇಕು. ಕೇಳಲು ಎಷ್ಟೋ ಸಲ ಧೈರ್ಯ ಸಾಲುತ್ತಿರಲಿಲ್ಲ ಎಂದರು.

ಅವರ ಅಟ್ಟವನ್ನು ಹತ್ತಿದ್ದು ಮೂರನೆಯ ವಾರ. ಏಣಿ ಹತ್ತಲು ಅವರ ಮೊಣಕಾಲು ಒಪ್ಪುವುದಿಲ್ಲ; ಆದರೂ ಹತ್ತಿದರು. ಮೇಲೆ ಹಲಗೆಗಳ ಮೇಲೆ ಅವರ ಬಾಲ್ಯದ ಊರು ಇತ್ತು: ತಗಡಿನ ನಿಲ್ದಾಣ, ಹೊಳೆ, ಕುರಿದೊಡ್ಡಿ, ಬೆರಳುಗುರಿನಷ್ಟು ಕುರಿಗಳು. ಒಂದಡಿಗೆ ನಾಲ್ಕು ಮಿಲಿಮೀಟರ್ ಅಳತೆ. ಆ ಲೆಕ್ಕದಲ್ಲಿ ಎರಡೂವರೆ ಅಡಿಯ ಹಾದಿಗೆ ಸರಿಯಾಗಿ ಹತ್ತು ಮಿಲಿಮೀಟರ್ ಆಗಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಹಳಿ ಒಂಬತ್ತು ಮಿಲಿಮೀಟರಿನದು. ಬಹುಪಾಲು ಹವ್ಯಾಸಿಗಳು ಅದನ್ನೇ ಹಾಸುತ್ತಾರೆ. ಇವರು ನಲವತ್ತು ವರ್ಷಗಳಿಂದ ಹತ್ತು ಮಿಲಿಮೀಟರಿನ ಹಳಿಯನ್ನು ಕೈಯಿಂದಲೇ ಕೂಡಿಸುತ್ತ ಬಂದಿದ್ದಾರೆ. ಒಂದು ಮಿಲಿಮೀಟರಿಗಾಗಿ ನಲವತ್ತು ವರ್ಷ! ಇನ್ನೂ ಮುಗಿದಿಲ್ಲ.

ಎರಡೂವರೆ ಅಡಿ ಎಂದಾಗ ನಾನು ಅವರನ್ನು ತಡೆದೆ. ನಮ್ಮ ಬಾರ್ಶಿ ಲೈಟ್ ಕೂಡ ಅದೇ ಅಗಲದ್ದು.

ನಿಮ್ಮಲ್ಲಿ ಹಲವರ ಹಿರಿಯರು ಅದರಲ್ಲಿ ಓಡಾಡಿದವರು. ಎವರಾರ್ಡ್ ಕಾಲ್‌ಥ್ರಾಪ್ ಎಂಬ ಎಂಜಿನಿಯರು ಎರಡೂವರೆ ಅಡಿಯ ಹಾದಿಯೂ ದೊಡ್ಡ ಭಾರ ಹೊರಬಲ್ಲದೆಂದು ತೋರಿಸಲು 1897ರಲ್ಲಿ ಬಾರ್ಶಿ ಮತ್ತು ಕುರ್ಡುವಾಡಿಗಳ ನಡುವೆ ಅದನ್ನು ಆರಂಭಿಸಿದರು. ಯಾವ ಅಚ್ಚಿನ ಮೇಲೂ ಐದು ಟನ್ನಿಗಿಂತ ಹೆಚ್ಚು ಭಾರ ಬೀಳದಂತೆ ಎಲ್ಲ ಬಂಡಿಗಳನ್ನೂ ರೂಪಿಸಿದ್ದು ಅವರ ಜಾಣ್ಮೆ. 1927ರಲ್ಲಿ ಹಾದಿ ಪಂಢರಪುರದಿಂದ ಮಿರಜಿಗೆ ಮುಟ್ಟಿತು. ಆ ಹಾದಿಯ ಜತ್ ರೋಡ್ ನಿಲ್ದಾಣದಲ್ಲಿ ನನ್ನ ಸೋದರಮಾವ ಗ್ಯಾಂಗ್‌ಮನ್ ಆಗಿದ್ದರು. ರಜೆಗೆ ಹೋದಾಗ ನಾನೂ ಒಂದು ನೋಟುಪುಸ್ತಕದಲ್ಲಿ ಎಂಜಿನ್ನುಗಳ ನಂಬರು ಬರೆಯುತ್ತಿದ್ದೆ. ಹೀಗೊಂದು ಹವ್ಯಾಸ ಜಗತ್ತಿನಲ್ಲಿದೆ ಎಂದು ನನಗೇನು ಗೊತ್ತು? ಸಂಜೆ ಮಾಮಾ ಡ್ಯೂಟಿ ಮುಗಿಸಿ ಬಂದು, “ಇವತ್ತ ಯಾವ ನಂಬರ ಬಂತಲೇ ತಮ್ಮಾ?” ಎಂದು ಕೇಳುತ್ತಿದ್ದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಲೆಕ್ಕಕ್ಕೆ ಮರಾಠಿ. ಮರಾಠಿಯ ‘ಸತ್ತಾವೀಸ’ದಲ್ಲಿ ಏಳು ಮೊದಲು, ಇಪ್ಪತ್ತು ಆಮೇಲೆ, ಕನ್ನಡದಲ್ಲಿ ಇಪ್ಪತ್ತು ಮೊದಲು. ಅವಸರದಲ್ಲಿ ನಾನು ಎಪ್ಪತ್ತೆರಡು ಎಂದು ಹೇಳಿಬಿಡುವುದೂ, ಆ ನಂಬರಿನ ಎಂಜಿನ್ನೇ ಇಲ್ಲ ಎಂದು ಮಾಮಾ ನಗುವುದೂ ನಡೆಯುತ್ತಿತ್ತು. ಇಂದಿಗೂ ನಾನು ಹಾಜರಿ ಎಣಿಸುವುದು ಮರಾಠಿಯಲ್ಲಿ. ಹಿಂದಿನ ಬೆಂಚಿನವರು ಗಮನಿಸಿರಬೇಕು.

ಇದನ್ನು ಹೇಳಿದಾಗ ಅಜ್ಜ ತಮ್ಮ ಎಣಿಕೆಯನ್ನು ತೆರೆದಿಟ್ಟರು. ಹಳೆಯ ವೆಲ್ಷ್ ರೀತಿಯಲ್ಲಿ ಹದಿನಾರು ಎಂದರೆ ‘ಹದಿನೈದರ ಮೇಲೊಂದು’, ಹದಿನೆಂಟು ಎಂದರೆ ‘ಎರಡು ಒಂಬತ್ತು’. ಈಗ ಶಾಲೆಗಳಲ್ಲಿ ‘ಒಂದು ಹತ್ತು ಆರು’ ಎಂಬ ಸರಳ ಎಣಿಕೆಯನ್ನು ಕಲಿಸುತ್ತಾರೆ. ಡಬ್ಬಿಗಳನ್ನು ಎಣಿಸುವಾಗ ಅವರ ಬಾಯಲ್ಲಿ ಬರುವುದು ಹಳೆಯದೇ. ಮೊಮ್ಮಕ್ಕಳಿಗೆ ಅದು ಅರ್ಥವಾಗುವುದಿಲ್ಲವಂತೆ.

ಇಬ್ಬರೂ ಒಂದು ದಿನ ವೆಲ್ಷ್‌ಪೂಲಿಗೆ ಹೊರಟೆವು. ಕಾರ್ಡಿಫ್ ನಿಲ್ದಾಣದಲ್ಲಿ ಫಲಕಗಳು ಎರಡು ಭಾಷೆಗಳಲ್ಲಿವೆ. ಪ್ರಕಟಣೆಯೂ ಮೊದಲು ವೆಲ್ಷ್‌ನಲ್ಲಿ, ನಂತರ ಇಂಗ್ಲಿಷಿನಲ್ಲಿ. ಫಲಕದಲ್ಲಿ ಊರಿನ ಹೆಸರು ‘ಕೈರ್ದೀದ್’. ಧ್ವನಿವರ್ಧಕದಲ್ಲಿ ‘ಇ ಗೈರ್ದೀದ್’. ಕಿವಿ ನಿಮಿರಿತು. ‘ಕೈರ್ದೀದ್‌ಗೆ’ ಎನ್ನುವಾಗ ಕಕಾರ ಗಕಾರವಾಗುತ್ತದೆ, ಅಜ್ಜ ವಿವರಿಸಿದರು. ಹಾಗೆಯೇ ತ ದ ಆಗುತ್ತದೆ, ಪ ಬ ಆಗುತ್ತದೆ. ಮಳೆಗಾಲ, ಮೈದೊಳೆ, ಕಂಬನಿ! ಅವರ ಊರಿನ ಹೆಸರಿನಲ್ಲಿರುವ ‘ವೈರ್’ ಎಂದರೆ ಮೈರ್, ಅಂದರೆ ಮೇರಿಮಾತೆ. ನಮ್ಮ ‘ಮೆಲ್ವಾತು’ ಎಂಬಲ್ಲಿ ಮಕಾರಕ್ಕೆ ವಕಾರ ಬಂದಂತೆಯೇ. ಎರಡು ಭಾಷೆಗಳಿಗೆ ಯಾವ ನಂಟೂ ಇಲ್ಲವೆಂಬುದನ್ನು ಬಲ್ಲೆ. ಆದರೂ ಹೊರದೇಶದ ರೈಲು ನಿಲ್ದಾಣದಲ್ಲಿ ಆದೇಶ ಸಂಧಿ ಎದುರಾದದ್ದಕ್ಕೆ ನನಗಾದ ಸಂತೋಷವನ್ನು ಐಚ್ಛಿಕ ಕನ್ನಡದವರಾದ ನೀವಾದರೂ ಕ್ಷಮಿಸುವಿರಿ.

ವೆಲ್ಷ್‌ಪೂಲಿನ ಅಂಚಿನ ಪುಟ್ಟ ನಿಲ್ದಾಣದಿಂದ ಲಾನ್‌ವೈರ್‌ಗೆ ಎಂಟೂವರೆ ಮೈಲಿ. ಆರಂಭದಲ್ಲೇ ಇಪ್ಪತ್ತೊಂಬತ್ತು ಅಡಿಗೆ ಒಂದಡಿ ಏರುವ ಕಡಿದಾದ ದಿಬ್ಬ. ಅಂದು ಬಂಡಿ ಎಳೆದದ್ದು 823, ಸರದಾರಣಿ. ಹಳೆಯ ಬೋಗಿಗಳು ಉಳಿದಿರಲಿಲ್ಲವಾದ್ದರಿಂದ ಆಸ್ಟ್ರಿಯಾದಿಂದ, ಆಫ್ರಿಕಾದ ಸಿಯೆರಾ ಲಿಯೋನ್‌ನಿಂದ ಬೋಗಿಗಳನ್ನು ತಂದು ಜೋಡಿಸಿಕೊಂಡಿದ್ದಾರೆ. ಅಜ್ಜ ಜೇಬಿನಿಂದ ಪುಸ್ತಕ ತೆಗೆದು ತಾರೀಖು ಬರೆದರು, 823 ಎಂದು ಬರೆದರು, ಮಳೆ ಎಂದು ಬರೆದರು. ಹೊಗೆಯ ವಾಸನೆ ಒಳಗೆ ಬಂದಾಗ ನನಗೆ ಆಷಾಢದ ವಾರಿ ನೆನಪಾಯಿತು: ಚಾವಣಿಯ ಮೇಲೂ ಕುಳಿತ ವಾರಕರಿಗಳು, ತಾಳದ ಸದ್ದು, ಕಣ್ಣಿಗೆ ಬೀಳುವ ಕಿಡಿ. ಲಾನ್‌ವೈರ್‌ನಲ್ಲಿ ಇಳಿದ ಮೇಲೆ ಹಳಿ ದಾಟುವ ಜಾಗದಲ್ಲಿ ಒಂದು ಕಾಲನ್ನು ಈ ಹಳಿಯ ಮೇಲೆ, ಇನ್ನೊಂದನ್ನು ಆ ಹಳಿಯ ಮೇಲೆ ಇಟ್ಟು ನಿಂತೆ. ಜತ್ ರೋಡಿನಲ್ಲಿ ಹತ್ತು ವರ್ಷದ ಹುಡುಗನಿಗೆ ಅದು ಸಾಹಸವಾಗಿತ್ತು. ಸ್ವಯಂಸೇವಕಿಯೊಬ್ಬರು ದೂರದಿಂದಲೇ ಕೈ ಬೀಸಿ ಇಳಿಸಿದರು.

ಮರಳುವಾಗ ಅಜ್ಜ ಕೇಳಿದರು: “ಪ್ರೊಫೆಸರ್, ನಿಮ್ಮ ಎಂಜಿನ್ನುಗಳ ಸಂಖ್ಯೆ ಏನು?”

ಒಂದೂ ನೆನಪಾಗಲಿಲ್ಲ. ಸತ್ತಾವೀಸ ಎಂಬುದು ಉದಾಹರಣೆಗೆಂದು ಈಗ ಬಾಯಿಗೆ ಬಂದದ್ದೋ, ನಿಜವಾಗಿ ಇದ್ದದ್ದೋ ಹೇಳಲಾರೆ. ಆ ನೋಟುಪುಸ್ತಕ ಏನಾಯಿತು ಎಂದರು. ಬಿ.ಎ. ಓದಲು ಊರು ಬಿಡುವಾಗ ಹಳೆಯ ಪಠ್ಯಗಳ ಜೊತೆ ನಾನೇ ರದ್ದಿಗೆ ಹಾಕಿದ್ದೆ. ಹಾದಿ ಏನಾಯಿತು ಎಂದರು. ಬ್ರಾಡ್‌ಗೇಜ್ ಆಯಿತು ಎಂದೆ. ಆಗ ನಾನು ನೌಕರಿಯಲ್ಲಿದ್ದೆ. ನ್ಯಾರೋಗೇಜಿನ ಕೊನೆಯ ಗಾಡಿಯನ್ನು ನೋಡಲು ಹೋಗಲಿಲ್ಲ. ಬೇಗ ಆಗಲಿ ಎಂದೇ ಬಯಸಿದ್ದೆ. ನಮ್ಮ ಕಡೆಯವರಿಗೆ ಬೇಕಾದದ್ದು ವೇಗವಾದ ಗಾಡಿ, ಅದರಲ್ಲಿ ತಪ್ಪೇನೂ ಇಲ್ಲ. ಇಂದಿಗೂ ಹಾಗೆಯೇ ತಿಳಿದಿದ್ದೇನೆ. ಆದರೆ ಮಾಮಾ ಕೇಳುತ್ತಿದ್ದ ಪ್ರಶ್ನೆಗೆ ಉತ್ತರವಿಲ್ಲದೆ ಕಿಟಕಿಯಾಚೆ ನೋಡುತ್ತ ಕುಳಿತ ಆ ಎರಡು ಗಂಟೆ ನನಗೆ ಸುಲಭವಾಗಿರಲಿಲ್ಲ. ಅಜ್ಜ ಮತ್ತೇನೂ ಕೇಳಲಿಲ್ಲ. ಥರ್ಮಾಸಿನಿಂದ ಚಹಾ ಬಗ್ಗಿಸಿಕೊಟ್ಟರು.

ನಾನು ಮರಳಿದ ಕೆಲವು ತಿಂಗಳಿಗೆ ಮಗಳು ಒಂದು ಚಿತ್ರ ಕಳುಹಿಸಿದಳು. ಅಟ್ಟದ ಮೇಲಿನ ಹತ್ತು ಮಿಲಿಮೀಟರಿನ ಹಳಿಯ ಮೇಲೆ, ಸರದಾರಣಿಯ ಹಿಂದೆ, ಹೊಸ ಎಂಜಿನ್ನೊಂದು ನಿಂತಿದೆ. ಪಕ್ಕದಲ್ಲಿ ಬಾರ್ಶಿ ಲೈಟ್ ಎಂದು ಬರೆದಿದ್ದಾರೆ. ಸಂಖ್ಯೆಯ ಫಲಕ ಖಾಲಿ. ನಿಮ್ಮಲ್ಲಿ ಜತ್, ಕವಠೆಮಹಾಂಕಾಳ, ಸಾಂಗೋಲಾ, ಪಂಢರಪುರ ಕಡೆಯಿಂದ ಬರುವವರಿದ್ದೀರಿ. ಮನೆಯಲ್ಲಿ ರೈಲ್ವೆಯಲ್ಲಿ ದುಡಿದ ಅಜ್ಜ, ಮಾಮಾ ಯಾರಾದರೂ ಇದ್ದರೆ, ಆ ಹಾದಿಯ ಒಂದಾದರೂ ಎಂಜಿನ್ನಿನ ನಂಬರು ನೆನಪಿದೆಯೇ ಎಂದು ಕೇಳಿರಿ. ಮರಾಠಿಯಲ್ಲಿ ಹೇಳಿದರೆ ಮರಾಠಿಯಲ್ಲೇ ಬರೆದುಕೊಳ್ಳಿರಿ. ಬುಧವಾರ ಮಧ್ಯಾಹ್ನ ನಾನು ವಿಭಾಗದಲ್ಲೇ ಇರುತ್ತೇನೆ.