ಆಯಿಲ್ ಹೊರಡುವ ಜಾಗ

ಎಂಬತ್ತರ ದಶಕದಲ್ಲಿ ನಾನು ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ಸ್ ಅಂಗಡಿಯೊಂದರಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದೆ. ಮುಕ್ಕಾಲು ಪಾಲು ವ್ಯಾಪಾರ ಅಂಬಾಸಿಡರ್‌ನದೇ. ಟ್ಯಾಕ್ಸಿಯವರು, ಸರ್ಕಾರಿ ಗಾಡಿಗಳ ಡ್ರೈವರ್‌ಗಳು, ಗ್ಯಾರೇಜ್ ಹುಡುಗರು ಬೆಳಗ್ಗೆಯೇ ಬಂದು ನಿಲ್ಲುತ್ತಿದ್ದರು. ಅಪರೂಪಕ್ಕೊಮ್ಮೆ ಎಂಜಿಎ ಸ್ಪೋರ್ಟ್ಸ್ ಕಾರಿನ ಮಾಲೀಕರೂ ಬಂದು ಅದೇ ಅಂಬಾಸಿಡರ್ ಪ್ಯಾಕಿಂಗ್ ಕೇಳುವರು. ಎಂಜಿಎ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1955ರಿಂದ 1962ರವರೆಗೆ ತಯಾರಾದ ಎರಡು ಸೀಟಿನ ಗಾಡಿ. ಅದರ ಮೊದಲ ಮಾದರಿಗೆ ಹಾಕಿದ್ದು ಬಿಎಂಸಿ ಕಂಪನಿಯ 1489 ಸಿಸಿ ಬಿ-ಸೀರೀಸ್ ಇಂಜಿನ್. ಹಿಂದೂಸ್ತಾನ್ ಮೋಟರ್ಸ್ ಉತ್ತರಪಾರಾದಲ್ಲಿ ದಶಕಗಟ್ಟಲೆ ಅಂಬಾಸಿಡರ್‌ಗೆ ಕೂರಿಸಿದ್ದೂ ಅದೇ ವಂಶದ 1489 ಸಿಸಿ ಇಂಜಿನ್ನು. ಎಂಜಿಎಗೆ ಎರಡು ಕಾರ್ಬ್ಯುರೇಟರ್ ಇತ್ತು, ಓಟ ಬೇರೆ ಇತ್ತು. ಆಯಿಲ್ ಸೋರುವ ಜಾಗಗಳು ಮಾತ್ರ ಎರಡಕ್ಕೂ ಒಂದೇ. ಹೀಗಾಗಿ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಲೀಕ್ ಪತ್ತೆ ಮಾಡುವ ವಿದ್ಯೆ ನಮ್ಮೂರಲ್ಲಿ ಟ್ಯಾಕ್ಸಿ ರಿಪೇರಿ ಮಾಡುವ ಮೇಸ್ತ್ರಿಗಳ ಕೈಯಲ್ಲಿತ್ತು.

ಕಲಾಸಿಪಾಳ್ಯದ ಕಡೆ ಅಂಥ ಒಬ್ಬ ಮೇಸ್ತ್ರಿ ಇದ್ದರು. ಸಾಮಾನು ತಲುಪಿಸುವ ನೆಪದಲ್ಲಿ ಅವರ ಗ್ಯಾರೇಜಿಗೆ ಹೋದವನು ಬೇಗ ವಾಪಸ್ ಬರುತ್ತಿರಲಿಲ್ಲ. ಸೋರುವ ಗಾಡಿ ಬಂದರೆ ಅವರು ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. “ಬೋಲ್ಟ್ ಟೈಟ್ ಮಾಡ್ಬೇಡ ಕಣೋ, ಮೊದ್ಲು ಮೈ ತೊಳಿ” ಅನ್ನುವರು. ಹುಡುಗ ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ವರ್ಷಗಳ ಮಡ್ಡಿಯನ್ನು ಕೆರೆದು ತೊಳೆಯುತ್ತಿದ್ದ. ಇಂಜಿನ್ ಒಣಗಿದ ಮೇಲೆ ಮೇಸ್ತ್ರಿ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿದ ಟಾಲ್ಕಂ ಪೌಡರನ್ನು ಟ್ಯಾಪೆಟ್ ಕವರ್ ಅಂಚಿಗೆ, ಟೈಮಿಂಗ್ ಕವರಿಗೆ, ಫಿಲ್ಟರ್ ಬುಡಕ್ಕೆ, ಚೇಂಬರ್ ಸುತ್ತ ಮೆಲ್ಲಗೆ ತಟ್ಟುವರು. ಆಮೇಲೆ ಲಾಲ್‌ಬಾಗ್ ಸುತ್ತಿ ಒಂದು ರೌಂಡು. ವಾಪಸ್ ಬಂದು ಗಾಡಿಯನ್ನು ಪಿಟ್ ಮೇಲೆ ನಿಲ್ಲಿಸಿ ಟಾರ್ಚ್ ಹಿಡಿದರೆ, ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಕಾಣುತ್ತಿತ್ತು. ಗೆರೆ ಮುಗಿಯುವ ಜಾಗ ಅವರಿಗೆ ಬೇಕಿರಲಿಲ್ಲ. ಬೆರಳಿಟ್ಟು ಮೇಲಕ್ಕೆ, ಮುಂದಕ್ಕೆ ಹೋಗುತ್ತಿದ್ದರು. ಆಯಿಲ್ ಇಳಿಯುವುದು ಕೆಳಕ್ಕೆ. ಫ್ಯಾನ್ ಗಾಳಿ, ಓಟದ ಗಾಳಿ ಅದನ್ನು ತಳ್ಳುವುದು ಹಿಂದಕ್ಕೆ. ತೊಟ್ಟಿಕ್ಕುವ ಜಾಗ ನೋಡಿ ಸೋರುವ ಜಾಗ ಹೇಳುವವನನ್ನು ಅವರು ಮೆಕ್ಯಾನಿಕ್ ಎಂದು ಒಪ್ಪುತ್ತಲೇ ಇರಲಿಲ್ಲ.

ಈ ಇಂಜಿನ್ನಿನಲ್ಲಿ ಜನರನ್ನು ದಾರಿ ತಪ್ಪಿಸುವ ಮುಖ್ಯ ಜಾಗ ಬ್ಲಾಕಿನ ಎಡಗಡೆ, ಮ್ಯಾನಿಫೋಲ್ಡ್‌ಗಳ ಮರೆಯಲ್ಲಿರುವ ಎರಡು ತಗಡಿನ ಮುಚ್ಚಳಗಳು. ಒಂದೊಂದಕ್ಕೂ ನಡುವೆ ಒಂದೇ ಬೋಲ್ಟ್, ಒಳಗೆ ಬೆಂಡಿನ ಪ್ಯಾಕಿಂಗ್. ಸೋರುತ್ತದೆಂದು ಬೋಲ್ಟ್ ಬಿಗಿದಷ್ಟೂ ತಗಡು ನಡುವೆ ತಗ್ಗಿ ಅಂಚು ಮೇಲೇಳುತ್ತದೆ, ಲೀಕ್ ಹೆಚ್ಚುತ್ತದೆ. ಮೇಸ್ತ್ರಿ ಆ ಮುಚ್ಚಳ ಬಿಚ್ಚಿ, ಗಾಜಿನ ಮೇಲಿಟ್ಟು ಬೆಳಕು ಎಲ್ಲಿ ತೂರುತ್ತದೆಂದು ನೋಡಿ, ಮರದ ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡುತ್ತಿದ್ದರು. ಶೆಲಾಕ್ ಮುಚ್ಚಳದ ಕಡೆಗೆ ಮಾತ್ರ. ಬ್ಲಾಕಿನ ಕಡೆಗೆ ತೆಳುವಾಗಿ ಗ್ರೀಸ್. ಹಿಂದಿನ ಮುಚ್ಚಳ ಸೋರಿದರೆ ಆಯಿಲ್ ಬ್ಲಾಕಿನ ಗೋಡೆ ಹಿಡಿದು ಜಾರಿ ಕ್ಲಚ್ ಹೌಸಿಂಗ್ ಹತ್ತಿರ ತೊಟ್ಟಿಕ್ಕುತ್ತದೆ. ನೋಡಿದವರಿಗೆ ಕ್ರ್ಯಾಂಕಿನ ಹಿಂಭಾಗವೇ ಹೋಯಿತು ಅನ್ನಿಸುತ್ತದೆ.

ಅಸಲಿಗೆ ಕ್ರ್ಯಾಂಕಿನ ಹಿಂಭಾಗದಲ್ಲಿ ಈ ಇಂಜಿನ್ನಿಗೆ ರಬ್ಬರ್ ಸೀಲೇ ಇಲ್ಲ. ಶಾಫ್ಟಿನ ಮೇಲೆ ಸ್ಕ್ರೂ ಥ್ರೆಡ್ಡಿನಂತೆ ತೋಡಿದ ಸುರುಳಿ ಗೆರೆಯಿದೆ. ಶಾಫ್ಟ್ ತಿರುಗುವಾಗ ಅದೇ ಆಯಿಲನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇಂಜಿನ್ ನಿಂತರೆ ಎಳೆತವೂ ನಿಲ್ಲುತ್ತದೆ, ಉಳಿದ ಒಂದೆರಡು ತೊಟ್ಟು ಹೊರಬೀಳುತ್ತದೆ. ಹಾಗೆ ಬಿದ್ದ ಆಯಿಲ್ ಕ್ಲಚ್ ಪ್ಲೇಟಿಗೆ ತಾಗದಿರಲೆಂದೇ ಹೌಸಿಂಗ್ ಬುಡದಲ್ಲಿ ತೂತು ಬಿಟ್ಟು, ಅದು ಕಟ್ಟಿಕೊಳ್ಳದಂತೆ ಅಲ್ಲಾಡುವ ಒಂದು ಸ್ಪ್ಲಿಟ್ ಪಿನ್ ಹಾಕಿದ್ದಾರೆ. 1964ರ ಕೊನೆಯಲ್ಲಿ, ಎಂಜಿಎಯ ನಂತರದ ಕಾರಾದ ಎಂಜಿಬಿಗೆ ಐದು ಬೇರಿಂಗಿನ ಇಂಜಿನ್ ಬಂದಾಗಲೇ ಅಲ್ಲಿಗೆ ಸೀಲ್ ಬಂದದ್ದು.

ಇನ್ನೊಂದು ಪರೀಕ್ಷೆಯನ್ನು ಅವರು ಎಂದೂ ಬಿಡುತ್ತಿರಲಿಲ್ಲ. ಇಂಜಿನ್ ಸ್ಟಾರ್ಟಿನಲ್ಲಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿಯುವರು. ಗಾಳಿ ರಭಸವಾಗಿ ತಳ್ಳಿದರೆ ಬ್ರೀದರ್ ಪೈಪ್ ಕಟ್ಟಿದೆ, ಇಲ್ಲವೇ ರಿಂಗ್ ಸವೆದಿವೆ. ಒಳಗಿನ ಒತ್ತಡಕ್ಕೆ ದಾರಿಯಿಲ್ಲದಿದ್ದರೆ ಅದು ಇರುವ ಪ್ಯಾಕಿಂಗನ್ನೆಲ್ಲ ಸೀಳಿಕೊಂಡು ಆಯಿಲನ್ನು ಹೊರತಳ್ಳುತ್ತದೆ. “ಉಸಿರು ಕಟ್ಟಿದೆ ಸಾರ್, ಪ್ಯಾಕಿಂಗ್ ಏನ್ ಮಾಡುತ್ತೆ ಪಾಪ?” ಎಂದು ಪೈಪ್ ಕ್ಲೀನ್ ಮಾಡಿ ಕಳಿಸಿದ ಗಾಡಿಗಳುಂಟು. ಅಂಥ ದಿನ ನಮ್ಮ ಅಂಗಡಿಗೆ ವ್ಯಾಪಾರವಿಲ್ಲ. ಆದರೂ ನನಗೆ ಅವರ ಮೇಲೆ ಗೌರವ ಹೆಚ್ಚುತ್ತಿತ್ತು.

ತೊಂಬತ್ತರ ದಶಕದಲ್ಲಿ ಅಂಬಾಸಿಡರ್‌ಗೆ ಇಸುಜು ಇಂಜಿನ್ ಬಂತು. ರಸ್ತೆ ತುಂಬ ಮಾರುತಿಗಳಾದವು. ಬೆಂಡಿನ ಹಾಳೆಯಿಂದ ಪ್ಯಾಕಿಂಗ್ ಕತ್ತರಿಸಿ ಕೊಡುತ್ತಿದ್ದವರು ಕಡಿಮೆಯಾದರು, ಟ್ಯೂಬಿನ ಸಿಲಿಕೋನ್ ಬಂತು. ಅದನ್ನು ಧಾರಾಳವಾಗಿ ಮೆತ್ತಿದರೆ ಹೆಚ್ಚಾದದ್ದು ಒಳಗೆ ಕಿತ್ತು ಬಿದ್ದು ಆಯಿಲ್ ಪಂಪಿನ ಜಾಲರಿಗೆ ಅಡರುತ್ತದೆ. ಸೋರುವ ಇಂಜಿನ್ನಿಗಿಂತ ಅದು ಕೆಟ್ಟದ್ದು. 2014ರಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತಿತು. ಮೇಸ್ತ್ರಿಯ ಹುಡುಗರು ಸ್ಕ್ಯಾನರ್ ಹಿಡಿಯುವ ವರ್ಕ್‌ಷಾಪುಗಳಿಗೆ ಹೋದರು. ಹೊಟ್ಟೆಪಾಡು, ಅವರದೇನೂ ತಪ್ಪಿಲ್ಲ. ಆದರೆ ದಿನವೂ ಟ್ಯಾಕ್ಸಿ ಬಿಚ್ಚಿ ಪಳಗುತ್ತಿದ್ದ ಕೈಗಳು ಇಲ್ಲವಾದಾಗ, ಶೆಡ್ಡುಗಳಲ್ಲಿ ಉಳಿದ ಎಂಜಿಎಗಳನ್ನು ನೋಡುವವರೂ ಇಲ್ಲವಾದರು.

ಈಚೆಗೆ ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿದರು. ಅವರ ಎಂಜಿಎಗೆ ವರ್ಕ್‌ಷಾಪಿನಲ್ಲಿ ಆಯಿಲ್ ಜೊತೆ ಬಣ್ಣದ ದ್ರಾವಣ ಹಾಕಿ ಅಲ್ಟ್ರಾವಯೊಲೆಟ್ ದೀಪ ಹಿಡಿದು ನೋಡಿದ್ದರು. ಕ್ಲಚ್ ಹೌಸಿಂಗ್ ಹಸಿರಾಗಿ ಹೊಳೆಯಿತಂತೆ. ಇಂಜಿನ್ ಇಳಿಸಿ ಹಿಂದಿನ ಸೀಲ್ ಬದಲಿಸಬೇಕೆಂದು ಲಕ್ಷ ದಾಟುವ ಎಸ್ಟಿಮೇಟ್ ಕೊಟ್ಟಿದ್ದರು. ಇಲ್ಲದ ಸೀಲಿಗೆ ಎಸ್ಟಿಮೇಟ್! ದೀಪವನ್ನು ನಾನು ದೂರುವುದಿಲ್ಲ, ಪೌಡರಿಗಿಂತ ಸೂಕ್ಷ್ಮ ಅದು. ಇಂಜಿನ್ ತೊಳೆಯದೆ ಹಿಡಿದದ್ದು, ಮೇಲಿನವರೆಗೆ ಹಿಡಿಯದೇ ಹೋದದ್ದು ತಪ್ಪು.

ಗಾಡಿಯನ್ನು ಮೇಸ್ತ್ರಿಯ ಹತ್ತಿರ ತರಲು ಹೇಳಿದೆ. ಅವರಿಗೆ ಈಗ ಪಿಟ್ ಇಳಿಯಲು ಆಗುವುದಿಲ್ಲ, ಕುರ್ಚಿ ಹಾಕಿಸಿಕೊಂಡು ಕುಳಿತರು. ಕೆಲಸ ಮಾಡಿದ್ದು ಅವರ ಮೊಮ್ಮಗ, ಡಿಪ್ಲೊಮಾ ಓದುವ ಹುಡುಗ. ತೊಳೆದು, ಒಣಗಿಸಿ, ರೌಂಡು ಹೊಡೆದು ಬಂದು ಅಂಥದೇ ದೀಪವನ್ನು ಕೆಳಗಿನಿಂದ ಮೇಲಕ್ಕೆ ಹಿಡಿಯುತ್ತಾ ಹೋದ. ಹಸಿರು ಗೆರೆ ಹಿಂದಿನ ತಗಡಿನ ಮುಚ್ಚಳದ ಮೂಲೆಯಲ್ಲಿ ನಿಂತಿತು. “ತಾತ, ಇಲ್ಲೇ ಶುರು” ಎಂದ. ಮ್ಯಾನಿಫೋಲ್ಡ್ ಬಿಚ್ಚಿ, ಮುಚ್ಚಳ ಸಮ ಮಾಡಿ, ಹೊಸ ಬೆಂಡಿನ ಪ್ಯಾಕಿಂಗ್ ಕೂರಿಸಿ, ಬ್ರೀದರ್ ಪೈಪಿನ ಮಡ್ಡಿ ತೆಗೆದರು. ಮಾರನೆಯ ದಿನ ಗಾಡಿ ನಿಂತ ಜಾಗದಲ್ಲಿ ಸ್ಪ್ಲಿಟ್ ಪಿನ್ ತುದಿಯಿಂದ ಬಿದ್ದ ಒಂದು ತೊಟ್ಟಿತ್ತು. ಮಾಲೀಕರು ಮತ್ತೆ ಗಾಬರಿಯಾದರು. ಅದು ಆ ಇಂಜಿನ್ನಿನ ಲೆಕ್ಕದೊಳಗಿನದು, ಅದಕ್ಕೆ ಕೈ ಹಾಕಬೇಡಿ, ಡಿಪ್‌ಸ್ಟಿಕ್ ಮಾತ್ರ ವಾರಕ್ಕೊಮ್ಮೆ ನೋಡಿ ಎಂದು ಮೇಸ್ತ್ರಿ ಹೇಳಿ ಕಳಿಸಿದರು.