ಸೂಜಿಯೂ ಕೊಪ್ಪರಿಗೆಯೂ

ಅಮೆರಿಕಾ ದೇಶದ ಡಲ್ಲಾಸ್ ನಗರದ ಸೊತ್ತಾದ ಲವ್ ಫೀಲ್ಡ್ ಎಂಬ ವಿಮಾನನಿಲ್ದಾಣವುಂಟು. ಅಲ್ಲಿ ವಿಮಾನವನ್ನೇರುವ ದ್ವಾರಗಳು 32 ಇದ್ದುವು. 2006ನೆಯ ಇಸವಿಯ ಶಾಸನವು ಅವನ್ನು 20ಕ್ಕೆ ಇಳಿಸಬೇಕೆಂದು ವಿಧಿಸಿತು. 2014ರಲ್ಲಿ ದೂರಪ್ರಯಾಣದ ನಿರ್ಬಂಧವು ತೊಲಗಲು ದ್ವಾರಗಳಿಗೆ ಪೈಪೋಟಿಯು ಹೆಚ್ಚಿತು. ಮರುವರ್ಷ ಸೌತ್‌ವೆಸ್ಟ್ ಸಂಸ್ಥೆಯು ಯುನೈಟೆಡ್ ಸಂಸ್ಥೆಯಿಂದ ಎರಡನ್ನು ಪಡೆದು 18 ದ್ವಾರಗಳನ್ನು ವಶದಲ್ಲಿರಿಸಿಕೊಂಡಿತು. ದಿನಕ್ಕೆ ಐದು ವಿಮಾನಗಳನ್ನು ಕಳುಹಿಸುತ್ತಿದ್ದ ಡೆಲ್ಟಾ ಸಂಸ್ಥೆಗೆ ನೆಲೆ ತಪ್ಪುವಂತಾಗಿ, 2016ರಲ್ಲಿ ನ್ಯಾಯಾಲಯದ ಆಜ್ಞೆಯಿಂದ ಅದು ಉಳಿದುಕೊಂಡಿತು.

ಇದನ್ನು ಓದಿದಾಗ, ಪಾಠಶಾಲೆಯಲ್ಲಿ ಕಲಿತ ಸೂಚೀಕಟಾಹನ್ಯಾಯವು ನನ್ನ ನೆನಪಿಗೆ ಬಂದಿತು. ಕೊಪ್ಪರಿಗೆಯ ದೊಡ್ಡ ಕೆಲಸವು ಮುಂದಿದ್ದರೂ ಕಮ್ಮಾರನು ಸೂಜಿಯನ್ನು ಬೇಡಿ ಬಂದವನನ್ನು ಮೊದಲು ಕಳುಹಿಸುವನಷ್ಟೆ. ಗೇಣಿ ತೆತ್ತವನ ಹಕ್ಕು ದೊಡ್ಡದೆಂಬುದು ದಿಟವೇ. ಆದರೆ ನಿಲ್ದಾಣವು ಪೌರರದು. ಬಲ್ಲಿದನೊಬ್ಬನೇ ಅಂಗಡಿ ಹೂಡಿದ ಸಂತೆಯಲ್ಲಿ ಬೆಲೆಯನ್ನು ಕಟ್ಟುವವನೂ ಅವನೇ ಅಲ್ಲವೆ? ಆದುದರಿಂದ ಆ ಐದು ವಿಮಾನಗಳಿಗೆ ಕೊಟ್ಟ ಎಡೆಯು ಪ್ರಯಾಣಿಕನಿಗೇ ಸಂದ ಎಡೆಯೆಂದು ನಾನು ಎಣಿಸುತ್ತೇನೆ.